ಬೇತುಲ್ ದಡದಲ್ಲಿ ಎರಡು ದೋಣಿ

ಮೇ ತಿಂಗಳ ಕೊನೆಯ ವಾರ. ಬೆಳಗಿನ ಜಾವ ಕಾರವಾರದ ಬಳಿಯ ಮಾಜಾಳಿ ಬಿಟ್ಟು, ಪೋಳೆಂ ಗಡಿ ದಾಟಿ, ಕಾಣಕೋಣದ ತಿರುವುಗಳನ್ನು ಹತ್ತಿಳಿದು ಹಳೆಯ ದೋಣಿ ಕೊಳ್ಳಲು ಗೋವೆಯ ಬೇತುಲ್‌ಗೆ ಬಂದಿದ್ದೀರಿ. ಸಾಳ ನದಿ ಕಡಲು ಸೇರುವ ಅಳಿವೆ ಎದುರಿಗಿದೆ. ಆಚೆ ದಡ ಮೊಬೋರ್. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಕುಟಬಣ ಜೆಟ್ಟಿಯಲ್ಲಿ ಟ್ರಾಲರ್‌ಗಳು ಒಂದಕ್ಕೊಂದು ಒತ್ತಿ ನಿಂತಿವೆ. ಹಳೆಯ ದೋಣಿ ಮಾರುವವರು ಮಾರುವುದೂ ಈ ಹೊತ್ತಿನಲ್ಲೇ.

ತೆಂಗಿನ ಮಡಲಿನ ಚಪ್ಪರದಡಿ ಎರಡು ಫೈಬರ್ ದೋಣಿ. ಒಂದು 26 ಅಡಿ, ಹೊಸದಾಗಿ ನೀಲಿ ಬಣ್ಣ ಬಳಿದದ್ದು, 15 ಅಶ್ವಶಕ್ತಿಯ ಎಂಜಿನ್. ಇನ್ನೊಂದು 22 ಅಡಿ, ಬಿಸಿಲಿಗೆ ಬಣ್ಣಗೆಟ್ಟದ್ದು, ಎಂಜಿನ್ 9.9. ನಿಮ್ಮ ಕಾಲು ತಾನಾಗಿ ನೀಲಿ ದೋಣಿಯ ಕಡೆ ನಡೆಯುತ್ತದೆ.

ಜೊತೆಗೆ ಬಂದ, ದೋಣಿ ನಡೆಸಿ ಪಳಗಿದ ಮುದಿ ತಾಂಡೇಲರು ತಡೆಯುತ್ತಾರೆ. "ತಮ್ಮಾ, ಬಣ್ಣ ಆಮೇಲೆ ನೋಡೋಣ. ಮೊದಲು ಎಂಜಿನ್ ಹಿಡಿದು ಅಲ್ಲಾಡಿಸು."

ಅಲ್ಲಾಡಿಸುತ್ತೀರಿ. ಎಂಜಿನ್ ಕೂರಿಸಿದ ಹಿಂಬದಿಯ ಹಲಗೆಯೂ ಅದರೊಡನೆ ಬಾಗುತ್ತದೆ. ಬೋಲ್ಟಿನ ಬುಡದಲ್ಲಿ ಕಂದು ನೀರು ಜಿನುಗಿದ ಗುರುತು. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರು ಇಳಿದು ಮರ ಕೊಳೆತಿದೆ. ತಾಂಡೇಲರು ನಾಣ್ಯದಿಂದ ಬಡಿಯುತ್ತಾ ಹೋಗುತ್ತಾರೆ. ಟಣ್, ಟಣ್, ಆಮೇಲೆ ಡಬ್. ಡಬ್ ಎಂದಲ್ಲೆಲ್ಲ ಪದರ ಬಿಟ್ಟುಕೊಂಡಿದೆ.

ನಮ್ಮ ಕರಾವಳಿಯಲ್ಲಿ ಮರದ ಜಾಗಕ್ಕೆ ಬಂದದ್ದು ಫೈಬರ್, ಅದು ಸರಿಯಾಗಿಯೇ ಇದೆ. ಅಲ್ಯೂಮಿನಿಯಂ ದೋಣಿ ಬಿರುಕು ಬಿಟ್ಟರೆ ಆರ್ಗಾನ್ ವೆಲ್ಡಿಂಗ್ ಬಲ್ಲವನನ್ನು ಹುಡುಕಬೇಕು. ಫೈಬರ್ ತೂತಾದರೆ ಗಾಜಿನ ನಾರಿನ ಮ್ಯಾಟು, ರೆಸಿನ್ ತಂದು ದಡದಲ್ಲೇ ತೇಪೆ ಹಾಕಬಹುದು. ಬಣ್ಣಗೆಟ್ಟ ದೋಣಿಯ ಮೂತಿಯಲ್ಲಿ ಅಂಥದ್ದೊಂದು ತೇಪೆ ಇದೆ. ಬಡಿದರೆ ಟಣ್ ಎನ್ನುತ್ತದೆ. ಹಿಂಬದಿಯ ಹಲಗೆ ಅಲುಗುವುದಿಲ್ಲ. ಒಳಗೆ ನಾಲ್ಕು ಕೊಡ ನೀರು ಸುರಿದು, ಹೊರಗಿನಿಂದ ತಳಕ್ಕೆ ಅಂಗೈ ಒರೆಸಿ ನೋಡುತ್ತೀರಿ. ಒಣಗಿಯೇ ಇದೆ.

ಎಂಜಿನ್ನಿನ ಗೇರ್ ಆಯಿಲ್ ಬೆಳ್ಳಗೆ ತಿರುಗಿದ್ದರೆ ಸೀಲ್ ಹೋಗಿ ನೀರು ಒಳಗಿಳಿದಿದೆ ಎಂದರ್ಥ. ಬಣ್ಣಗೆಟ್ಟ ದೋಣಿಯದ್ದು ತಿಳಿಯಾಗಿದೆ. ಡ್ರಮ್ಮಿನ ನೀರಿನಲ್ಲಿಟ್ಟು ಹಗ್ಗ ಎಳೆದರೆ ಎರಡನೇ ಎಳೆತಕ್ಕೆ ಹಿಡಿಯುತ್ತದೆ, ತಂಪು ಮಾಡುವ ನೀರು ಪಕ್ಕದ ತೂತಿನಿಂದ ಧಾರೆಯಾಗಿ ಚಿಮ್ಮುತ್ತದೆ.

ಆದರೂ ಮನಸ್ಸು ನೀಲಿ ದೋಣಿಯ ಕಡೆ ಎಳೆಯುತ್ತದೆ. ಈ ಅಳಿವೆಯ ಮರಳುದಿಬ್ಬದ ಮೇಲೆ ತೆರೆ ಒಡೆಯುವಾಗ ಉದ್ದ ದೋಣಿಯೇ ಮೇಲು. ಬಲೆಯೂ ಹೆಚ್ಚು ಹಿಡಿಸುತ್ತದೆ. ತಾಂಡೇಲರು ಅದನ್ನು ಅಲ್ಲಗಳೆಯುವುದಿಲ್ಲ. "ದಿಬ್ಬದ ಮೇಲೆ ಎಂಜಿನ್ ಕಿತ್ತು ಬಿದ್ದರೆ ಉದ್ದ ಏನು ಮಾಡ್ತದೆ?" ಎಂದಷ್ಟೇ ಕೇಳುತ್ತಾರೆ. ಎದುರು ತೆರೆಗೆ ಎಂಜಿನ್ ಕೈಕೊಟ್ಟರೆ ದೋಣಿ ಅಡ್ಡ ತಿರುಗುತ್ತದೆ, ಮಗುಚುತ್ತದೆ.

ಇನ್ನೊಂದು ಮಾತಿದೆ. ಮಳೆಗಾಲದ ನಿಷೇಧದಿಂದ 10 ಅಶ್ವಶಕ್ತಿಯವರೆಗಿನ ಸಾಂಪ್ರದಾಯಿಕ ದೋಣಿಗಳಿಗೆ ಗೋವೆಯಲ್ಲಿ ವಿನಾಯಿತಿ ಇದೆ. ಕರ್ನಾಟಕದಲ್ಲೂ ಮಿತಿ ಅಷ್ಟೇ. 15ರ ಎಂಜಿನ್ ಕೊಂಡವನು ಆ ಎರಡು ತಿಂಗಳು ದಡದಲ್ಲೇ. 9.9 ಇದ್ದವನು ಕಡಲು ಬಿಟ್ಟುಕೊಟ್ಟ ದಿನ ಬಲೆ ಬಿಡಬಹುದು. ಸಣ್ಣ ಮೀನುಗಾರನ ಮನೆಯಲ್ಲಿ ಜುಲೈ ತಿಂಗಳೆಂದರೆ ಏನೆಂದು ಬಲ್ಲವರಿಗೆ ಇದು ಸಣ್ಣ ಲೆಕ್ಕವಲ್ಲ.

ಬಣ್ಣಗೆಟ್ಟ ದೋಣಿಯನ್ನೇ ಆರಿಸಿಕೊಳ್ಳಿ. ಆದರೆ ಹಣ ಎಣಿಸುವ ಮೊದಲು ಮೂತಿಯ ಮೇಲಿನ ನೋಂದಣಿ ಸಂಖ್ಯೆಯನ್ನು ಕಾಗದದೊಡನೆ ತಾಳೆ ನೋಡಿ, ಎಂಜಿನ್ ಸಂಖ್ಯೆಯನ್ನು ರಸೀದಿಯೊಡನೆ. ಗೋವೆಯ ದೋಣಿ ಕಾರವಾರದ ಕಡೆ ಹೋಗಬೇಕಾದರೆ ಎರಡೂ ರಾಜ್ಯಗಳ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಹೆಸರು ಬದಲಾಗುವವರೆಗೆ ಪೂರ್ತಿ ಹಣ ಕೊಡಬೇಡಿ.