ಎದ್ದು ನಿಲ್ಲದ ಹುಡುಗ

ಬಿಡದಿ ಅಂದರೆ ಎಲ್ಲರಿಗೂ ತಟ್ಟೆ ಇಡ್ಲಿ ನೆನಪಾಗುತ್ತದೆ. ನನಗೆ ನೆನಪಾಗುವುದು ಬೆಳಗಿನ ರೈಲು. 1970ರ ದಶಕದಲ್ಲಿ ನಾನು ಬಿ.ಎಸ್ಸಿ. ಓದಲು ದಿನವೂ ಬೆಂಗಳೂರಿಗೆ ಹೋಗುತ್ತಿದ್ದೆ. ಆಗ ಅದು ಮೀಟರ್ ಗೇಜ್ ಹಳಿ. ಕಿಟಕಿ ಪಕ್ಕ ಕೂತರೆ ಕೆಂಗೇರಿ ಬರುವಷ್ಟರಲ್ಲಿ ಬಿಳಿ ಅಂಗಿಯ ಮೇಲೆ ಮಸಿ. ಅದೇ ಸ್ಟೇಷನ್ನಿನಲ್ಲಿ ನನ್ನ ಅಕ್ಕ ಎದುರು ದಿಕ್ಕಿನ ರೈಲು ಹತ್ತುತ್ತಿದ್ದಳು, ರಾಮನಗರಕ್ಕೆ. ಅವಳದು ರೇಷ್ಮೆ ನೂಲು ತೆಗೆಯುವ ಕೆಲಸ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯಬೇಕು. ಸಂಜೆ ಮನೆಗೆ ಬಂದಾಗ ಅವಳ ಬೆರಳುಗಳು ನೀರಲ್ಲಿ ನೆನೆದ ಕಡಲೆಯಂತೆ ಬೆಳ್ಳಗೆ ಸುಕ್ಕಾಗಿರುತ್ತಿದ್ದವು.

ಹೋದ ಸಲ ನಮ್ಮ ಬೀದಿಯ ಒಂದು ಹುಡುಗಿ ಮನೆಗೆ ಬಂದಾಗ ಆ ಬೆರಳುಗಳು ಮತ್ತೆ ಕಣ್ಣ ಮುಂದೆ ಬಂದವು. ಅವಳಪ್ಪ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಾನೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಹುಡುಗಿ ಒಂದರಿಂದ ಪಿಯುಸಿವರೆಗೂ ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಿನಲ್ಲೇ ಓದಿ, ರಾಮನಗರದಲ್ಲಿ ಬಿ.ಕಾಂ.ಗೆ ಸೇರಿದ್ದಳು. ಬಸ್ಸಿಗೇನೋ ತೊಂದರೆಯಿಲ್ಲ; 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ. ಆದರೆ ಫೀಸು, ಪುಸ್ತಕ, ಮಧ್ಯಾಹ್ನದ ಊಟ? 2025ರಲ್ಲಿ ನಮ್ಮ ಸರ್ಕಾರ ಅಜೀಂ ಪ್ರೇಮ್‌ಜಿ ಫೌಂಡೇಷನ್ ಜೊತೆ ಸೇರಿ ದೀಪಿಕಾ ವಿದ್ಯಾರ್ಥಿವೇತನ ಶುರು ಮಾಡಿತಲ್ಲ, ಅದು ಇಂಥವರಿಗೆಂದೇ ಇರುವುದು. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿಗೋ ಡಿಪ್ಲೊಮಾಗೋ ಸೇರಿದ ಹೆಣ್ಣುಮಕ್ಕಳಿಗೆ ಓದು ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ.

“ಅರ್ಜಿ ಹಾಕಿದೆಯಾ?” ಅಂದೆ.

ಅವಳು ನೆಲ ನೋಡಿದಳು. “ಬೇಡ ತಾತ. ಫ್ರೆಂಡ್ಸ್‌ಗೆ ಗೊತ್ತಾದ್ರೆ? ಇದೂ ಭಿಕ್ಷೆ ಥರಾನೇ ಅಲ್ವಾ?”

ಮಕ್ಕಳೇ, ನಾನು ಯಾರಿಗೂ ಹೇಳದ ಒಂದು ಮಾತನ್ನು ಆವತ್ತು ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ಮೊದಲ ವರ್ಷ ನನಗೆ ವಿದ್ಯಾರ್ಥಿವೇತನ ಬಂದಿತ್ತು. ಎರಡನೇ ವರ್ಷ ಕಾಲೇಜಿನ ಗುಮಾಸ್ತರೊಬ್ಬರು ಅರ್ಜಿಗಳ ಕಟ್ಟು ಹಿಡಿದು ತರಗತಿಗೆ ಬಂದರು. “ಬಡ ಹುಡುಗರೆಲ್ಲ ಎದ್ದು ನಿಲ್ಲಿ” ಎಂದರು. ನನ್ನ ಪಕ್ಕದಲ್ಲಿ ಕೂತಿದ್ದವನು ಆಗಷ್ಟೇ ಸ್ನೇಹಿತನಾಗಿದ್ದ, ಬೆಂಗಳೂರಿನವನು. ನಾಲ್ಕೈದು ಹುಡುಗರು ಎದ್ದರು. ನಾನು ಏಳಲಿಲ್ಲ. ಪುಸ್ತಕದಲ್ಲಿ ಏನೋ ಹುಡುಕುವವನಂತೆ ಪುಟ ತಿರುವಿದೆ. ಮನೆಗೆ ಬಂದು “ಈ ವರ್ಷ ಸ್ಕಾಲರ್‌ಶಿಪ್ ಬರಲಿಲ್ಲ” ಅಂದೆ. ಯಾರೂ ಪ್ರಶ್ನಿಸಲಿಲ್ಲ.

ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಟೀಚರ್ ಟ್ರೈನಿಂಗ್‌ಗೆ ಸೇರಬೇಕೆಂದು ಎರಡು ವರ್ಷದಿಂದ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದಳು. ಆ ವಾರವೇ ಡಬ್ಬಿ ಬರಿದಾಯಿತು. ನನ್ನ ಫೀಸು ಕಟ್ಟಿತು. ಅಕ್ಕ ಟೀಚರ್ ಆಗಲಿಲ್ಲ, ನಾನಾದೆ. ಮೂವತ್ತು ವರ್ಷ ಪಾಠ ಹೇಳಿದೆ. ನಾನು ಏಳದೇ ಇದ್ದ ಆ ಒಂದು ನಿಮಿಷಕ್ಕೆ ಬೆಲೆ ತೆತ್ತವಳು ಅವಳು.

ಹುಡುಗಿ ಮಾತಾಡಲಿಲ್ಲ. ನಾನೇ ಮುಂದುವರಿಸಿದೆ. “ಭಿಕ್ಷೆಯಾದರೆ ತಗೊಂಡವರು ಲೆಕ್ಕ ಒಪ್ಪಿಸಬೇಕಿಲ್ಲ. ಇದಕ್ಕೆ ನೀನು ವರ್ಷ ವರ್ಷ ಓದಿ ಲೆಕ್ಕ ಒಪ್ಪಿಸಬೇಕು. ಅಂಬೇಡ್ಕರ್ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ಅವರು ಬೇಡ ಅಂದಿದ್ದರೆ? ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಕೊಟ್ಟರು. ಅಲ್ಲಿ ಉಂಡು ಓದಿದವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಿಂದೆ ವಾರಾನ್ನ ಅಂತಿತ್ತು. ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರು ಎಷ್ಟೋ ಜನ.”

“ಆದ್ರೂ ತಾತ, ಕ್ಲಾಸಲ್ಲಿ ಎದ್ದು ನಿಲ್ಲಬೇಕಾ?”

ನಗು ಬಂತು. ಈಗ ಯಾರೂ ಎದ್ದು ನಿಲ್ಲಬೇಕಿಲ್ಲ. ಅರ್ಜಿ ಆನ್‌ಲೈನ್‌ನಲ್ಲಿ, ಹಣ ನೇರ ಬ್ಯಾಂಕ್ ಖಾತೆಗೆ. ಅವಳ ಮುಖ ಸ್ವಲ್ಪ ಸಡಿಲವಾಯಿತು. ಮರುದಿನ ಕಾಗದಗಳನ್ನು ಹರಡಿಕೊಂಡು ಕೂತೆವು. ನೋಡಿದರೆ ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಒಂದಕ್ಷರ ಬೇರೆ! ಅದನ್ನು ತಿದ್ದಿಸಲು ಮೂರು ಸಲ ಓಡಾಡಿದೆವು.

ಅಜ್ಜ ಅಜ್ಜಿಯರೇ, ಬಿಡುವಿರುವವರು ನಾವು. ಈ ಓಡಾಟ ನಮ್ಮ ಪಾಲಿಗಿರಲಿ. ಮೊಮ್ಮಕ್ಕಳು ಹತ್ತನೇ ತರಗತಿಯಲ್ಲಿರುವಾಗಲೇ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಖಾತೆಗೆ ಆಧಾರ್ ಜೋಡಿಸಿ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಡಿ. ಗಂಡುಮಕ್ಕಳಿಗೂ ದಾರಿಗಳಿವೆ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ 2013-14ರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಶುರುವಾಯಿತು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದಲೇ ಇದೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಕೆಲವು ತಿಂಗಳ ನಂತರ ಹುಡುಗಿ ಓಡಿ ಬಂದು ಮೊಬೈಲ್ ತೋರಿಸಿದಳು. ಹಣ ಬಂದ ಮೆಸೇಜು. ಅವತ್ತೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಅವಳಿಗೀಗ ಎಪ್ಪತ್ತು ದಾಟಿದೆ. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಕೂತು ಬಿಡಿಸುತ್ತಾ, ಐವತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಹೇಳಿಬಿಟ್ಟೆ. ಗುಮಾಸ್ತ, ಪಕ್ಕದ ಹುಡುಗ, ಪುಟ ತಿರುವಿದ್ದು, ಸುಳ್ಳು, ಎಲ್ಲ.

ಅಕ್ಕನ ಕೈ ನಿಂತಿತು. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಇನ್ನೊಂದು ಕಾಯಿ ತೆಗೆದುಕೊಂಡಳು.

“ಆ ಮಗೀಗೆ ದುಡ್ಡು ಬಂತಾ?”

“ಬಂತು.”

“ಮುಂದಿನ ವರ್ಷವೂ ಹಾಕಬೇಕಾ?”

“ಹೂಂ. ವರ್ಷ ವರ್ಷವೂ.”

“ಹಂಗಾದ್ರೆ ನೀನೇ ಜ್ಞಾಪಿಸು” ಅಂದಳು. “ಎರಡನೇ ವರ್ಷವೇ ಕಣೋ ತಪ್ಪೋದು.”