ದೊಡ್ಡೇರಿಯಿಂದ ಬೆಂಗಳೂರಿಗೆ: ತಿಂಡಿ ಎಲ್ಲಿ ತಿನ್ನೋಣ?

ನಮ್ಮ ದೊಡ್ಡೇರಿ ಕಡೆಯವರು ಬೆಂಗಳೂರಿಗೆ ಹೋಗುವುದು ಕೆಲಸವಿದ್ದರೆ ಮಾತ್ರ. ಆಸ್ಪತ್ರೆ, ಕಚೇರಿ, ಮಕ್ಕಳ ಕಾಲೇಜು ಸೀಟು - ಇವೇ ಕಾರಣಗಳು. ಬೆಳಗಿನ ಬಸ್ಸು ಹತ್ತಿ, ಮಧುಗಿರಿ ದಾಟಿ, ಮೆಜೆಸ್ಟಿಕ್‌ನಲ್ಲಿ ಇಳಿಯುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಕಣ್ಣಿಗೆ ಬಿದ್ದ ಮೊದಲ ಹೋಟೆಲಿಗೆ ನುಗ್ಗುವವರೇ ಹೆಚ್ಚು. ಕೆಲವು ತಂದೆಯರು ಮಗನಿಗೊಂದು ದೋಸೆ ಕೊಡಿಸಿ, ತಮಗೆ ಹಸಿವಿಲ್ಲವೆಂದು ಬರೀ ಕಾಫಿ ಕುಡಿದು ಏಳುತ್ತಾರೆ. ಹಸಿವು ಇಲ್ಲದೆ ಅಲ್ಲ, ಬಿಲ್ಲಿನ ಭಯಕ್ಕೆ.

ಲಾಲ್‌ಬಾಗ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ನೆಹರೂ ತಾರಾಲಯ ಎಂದು ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರಾಗಿ ನನಗನಿಸುವುದಿಷ್ಟು: ನೋಡುವ ಸ್ಥಳವನ್ನು ಆರಿಸುವಷ್ಟೇ ಎಚ್ಚರದಿಂದ ತಿನ್ನುವ ಸ್ಥಳವನ್ನೂ ಆರಿಸಬೇಕು. ನೆನಪಿನಲ್ಲಿ ಉಳಿಯುವ ಹೋಟೆಲು ದುಬಾರಿಯೇ ಆಗಬೇಕೆಂದೇನೂ ಇಲ್ಲ.

ವಿದ್ಯಾರ್ಥಿಗಳ ಹೆಸರಿನಲ್ಲಿ

ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನೇ ನೋಡಿ. 1943ರಲ್ಲಿ ಆರಂಭವಾದ ಈ ಹೋಟೆಲಿಗೆ ಆ ಹೆಸರು ಬಂದದ್ದು ಸುತ್ತಮುತ್ತಲ ಶಾಲಾ ಕಾಲೇಜುಗಳ ಹುಡುಗರಿಂದ. ಹಳೆಯ ಮೇಜು ಬೆಂಚು, ಗೋಡೆಯ ಮೇಲೆ ನಾಡಿನ ಹಿರಿಯರ ರೇಖಾಚಿತ್ರ, ಒಂದೇ ಕೈಯ ಮೇಲೆ ತಟ್ಟೆಗಳ ಸಾಲನ್ನೇ ಜೋಡಿಸಿಕೊಂಡು ಬರುವ ಮಾಣಿ. ಗುರುತ್ವಕೇಂದ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಕಂಡಿಲ್ಲ.

ಅಲ್ಲಿನ ಮಸಾಲೆದೋಸೆಯ ಕೆಂಪು ಬಣ್ಣದಲ್ಲೂ ರಸಾಯನಶಾಸ್ತ್ರವಿದೆ. ಕಾದ ಕಾವಲಿಯ ಮೇಲೆ ಹಿಟ್ಟಿನ ಅಮೈನೋ ಆಮ್ಲಗಳೂ ಸಕ್ಕರೆಯೂ ಕೂಡಿ ಬಣ್ಣ, ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ಮಾಯಾರ್ ಎಂಬಾತ 1912ರಲ್ಲಿ ಇದನ್ನು ವಿವರಿಸಿದ. ಇಡ್ಲಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಅದು ಬೇಯುವುದು ನೀರಿನ ಹಬೆಯಲ್ಲಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೆ. ಕೆಂಪಾಗಲು ಅಷ್ಟು ಶಾಖ ಸಾಲದು.

ಕೊರತೆ ಕಲಿಸಿದ ರುಚಿ

ಲಾಲ್‌ಬಾಗಿನ ಬಳಿಯೇ ಎಂ.ಟಿ.ಆರ್. ಇದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ವಶವಾಗಿ ಅಕ್ಕಿಯ ಅಭಾವ ತಲೆದೋರಿದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎನ್ನುತ್ತಾರೆ ಎಂ.ಟಿ.ಆರ್‌ನವರು. ರವೆ ಇಡ್ಲಿಗೆ ರಾತ್ರಿಯಿಡೀ ಹಿಟ್ಟು ಹುದುಗಬೇಕಿಲ್ಲ. ಮೊಸರಿನ ಲ್ಯಾಕ್ಟಿಕ್ ಆಮ್ಲ ಅಡಿಗೆ ಸೋಡದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಹಿಟ್ಟು ಉಬ್ಬುತ್ತದೆ. ಅಕ್ಕಿ ಉದ್ದಿನ ಹಿಟ್ಟಿನಲ್ಲಿ ಬ್ಯಾಕ್ಟೀರಿಯ ಇರುಳೆಲ್ಲ ಮಾಡುವ ಕೆಲಸವನ್ನು ಇಲ್ಲಿ ಆಮ್ಲ, ಸೋಡ ನಿಮಿಷಗಳಲ್ಲಿ ಮುಗಿಸುತ್ತವೆ.

ಈ ಹೋಟೆಲಿನ ಇನ್ನೊಂದು ಪಾಠ ಶುಚಿತ್ವ. ಇದರ ಯಜ್ಞನಾರಾಯಣ ಮೈಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಸ್ವಚ್ಛತೆ ನೋಡಿ ಬಂದು, ಅದನ್ನೇ ಇಲ್ಲಿಯೂ ಜಾರಿಗೆ ತಂದರು. ಗಿರಾಕಿಗೆ ಅಡಿಗೆಮನೆ ಕಾಣಲಿ ಎಂಬ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಒಂದೇ ಬೆಂಚು

ಮಕ್ಕಳಿಗೆ ಹೇಳಲೇಬೇಕಾದ ಮಾತು ಇನ್ನೊಂದಿದೆ. 1924ರಲ್ಲಿ ಆರಂಭವಾದಾಗ ಈ ಎಂ.ಟಿ.ಆರ್‌ನ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಹೋಟೆಲುಗಳಿಗೆ ಇಂಥ ಹೆಸರು ಸಾಮಾನ್ಯವಾಗಿತ್ತು. ದಕ್ಷಿಣದ ಅನೇಕ ಹೋಟೆಲುಗಳಲ್ಲಿ ಜಾತಿ ನೋಡಿ ಕೂರಿಸುತ್ತಿದ್ದರು, ಕೆಲವರನ್ನು ಒಳಗೇ ಬಿಡುತ್ತಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಅಂಗಡಿ, ಹೋಟೆಲುಗಳಿಗೆ ಹೋಗಲು ಜಾತಿ, ಧರ್ಮದ ಅಡ್ಡಿ ಇರಬಾರದೆಂದು ಸ್ಪಷ್ಟವಾಗಿ ಹೇಳಿತು. ಪ್ರವಾಸದಲ್ಲಿ ನಮ್ಮ ಊರಿನ ಎಲ್ಲ ಕೇರಿಗಳ ಹುಡುಗ ಹುಡುಗಿಯರು ಒಂದೇ ಮೇಜಿನಲ್ಲಿ ಕೂತು, ಒಬ್ಬರ ತಟ್ಟೆಯ ವಡೆಯನ್ನು ಇನ್ನೊಬ್ಬರು ಮುರಿದುಕೊಳ್ಳುವುದನ್ನು ಕಂಡಾಗ ಆ ವಿಧಿಯ ಬೆಲೆ ತಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ನೋಟ ಇಂದಿಗೂ ಎಲ್ಲ ಮನೆಯ ಜಗಲಿಯ ಮೇಲೆ ಸಿಗುವುದಿಲ್ಲ.

ಕೈಯಲ್ಲಿ ಹಣ ಕಡಿಮೆಯಿದ್ದರೆ ದರ್ಶಿನಿಗಳಿವೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿಯೊಂದಿಗೆ ಈ ಪದ್ಧತಿ ಆರಂಭವಾಯಿತು. ಮೊದಲು ಹಣ ಕೊಟ್ಟು ಚೀಟಿ ಪಡೆಯುವುದು, ನಿಂತೇ ತಿನ್ನುವುದು. ಮಾಣಿಗಳ, ಕುರ್ಚಿಗಳ ಖರ್ಚು ಉಳಿದದ್ದು ಗಿರಾಕಿಗೆ ಲಾಭ. ದರ ಮೊದಲೇ ತಿಳಿಯುವುದರಿಂದ ಬಿಲ್ಲಿನ ಭಯವೂ ಇಲ್ಲ.

ಆರಿಸುವುದು ಹೇಗೆ?

ಹೋಗಬೇಕಾದ ಕೆಲಸದ ಸ್ಥಳಕ್ಕೆ ಹತ್ತಿರವಿರುವುದನ್ನು ಮೊದಲೇ ಗುರುತು ಮಾಡಿಕೊಳ್ಳಿ. ವಾರದ ರಜೆ ಯಾವತ್ತೆಂದು ವಿಚಾರಿಸಿ. ದರಪಟ್ಟಿ ಓದಿಯೇ ಒಳಗೆ ಕಾಲಿಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಜನ ಬಂದು ಹೋಗುತ್ತಲೇ ಇರುವ ಹೋಟೆಲಿನಲ್ಲಿ ತಿಂಡಿ ಹಳತಾಗಲು ಸಮಯವಿರುವುದಿಲ್ಲ. ಕೈ ತೊಳೆಯುವ ಜಾಗ ಚೊಕ್ಕಟವಾಗಿದ್ದರೆ ಅಡಿಗೆಮನೆಯ ಬಗ್ಗೆಯೂ ಅರ್ಧ ತಿಳಿದಂತೆ. ಐವತ್ತು ಬಗೆಯ ಪಟ್ಟಿ ಇರುವಲ್ಲಿಗಿಂತ ನಾಲ್ಕೇ ತಿಂಡಿಗೆ ಹೆಸರಾದ ಕಡೆ ಹೋಗಿ.

ತುಮಕೂರಿನ ಮೇಲೆ ಹೋಗುವವರು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಮರೆಯಬೇಡಿ. ಅದು ಅಗಲವಾಗಿ ತೆಳ್ಳಗಿರುವುದೇಕೆ, ಹಬೆ ನಡುವಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಮಕ್ಕಳನ್ನು ಕೇಳಿ.

ತಂದೆ ತಾಯಿಯರಿಗೆ ಕೊನೆಯ ಮಾತು. ಎರಡು ದೋಸೆಗೆ ಹಣ ಸಾಲದಿದ್ದರೆ ಒಂದನ್ನೇ ತರಿಸಿ ಇಬ್ಬರೂ ಹಂಚಿಕೊಳ್ಳಿ. ನೀವು ಉಪವಾಸ ಕೂತು ನೋಡುತ್ತಿದ್ದರೆ ಮಗುವಿಗೆ ದೋಸೆಯ ರುಚಿ ಹತ್ತುವುದಿಲ್ಲ. ಮುಂದೆ ಅವನು ನೆನೆಯುವುದು ಹೋಟೆಲಿನ ಹೆಸರನ್ನಲ್ಲ, ಎದುರಿಗೆ ಕೂತು ಜೊತೆಯಲ್ಲಿ ತಿಂದವರನ್ನು.