ಬಿಟ್ಟರೂ ನಿಲ್ಲದ ಬ್ಲೇಡು

ಹುಲ್ಲು ಹೆರೆಯುವ ಮೆಷಿನ್ನಿಗೆ ಇರುವುದು ಒಂದೇ ಧರ್ಮ. ಎಕ್ಸಲೇಟರ್ ಬಿಟ್ಟ ಕೂಡಲೇ ಬ್ಲೇಡು ನಿಲ್ಲಬೇಕು. ಇಂಜಿನ್ ಬೇಕಾದರೆ ಡುರ್ ಡುರ್ ಅನ್ನುತ್ತಾ ಇರಲಿ, ಬ್ಲೇಡು ತಿರುಗಬಾರದು. ನಮ್ಮ ಮೆಷಿನ್ ಈ ಸಲದ ಆಟಿಯಲ್ಲಿ ಆ ಧರ್ಮವನ್ನು ಬಿಟ್ಟಿತು.

ನಮ್ಮದು ಬೆಳ್ತಂಗಡಿ ಕಡೆಯ ಸಣ್ಣ ಅಡಿಕೆ ತೋಟ. ಮಳೆ ಹಿಡಿದ ಮೇಲೆ ಇಲ್ಲಿ ಹುಲ್ಲು ಬೆಳೆಯುವ ವೇಗ ನೋಡಿದವರಿಗೇ ಗೊತ್ತು. ಸೋಣ ತಿಂಗಳು ಮುಗಿಯುವುದರೊಳಗೆ ಬುಡ ಚೊಕ್ಕ ಆಗದಿದ್ದರೆ ಮುಂದೆ ಬಿದ್ದ ಅಡಿಕೆ ಹೆಕ್ಕಲಿಕ್ಕೆ ಆಗುವುದಿಲ್ಲ. ಕತ್ತಿ ಹಿಡಿದು ಹೆರೆಯುವ ಜನ ಈಗ ಎಲ್ಲಿ ಸಿಗ್ತಾರೆ? ಹಾಗಾಗಿ ಎಲ್ಲರ ಮನೆಯಲ್ಲೂ ಒಂದೊಂದು ಮೆಷಿನ್. ನಮ್ಮಲ್ಲಿ ಅದನ್ನು ಹೆಗಲಿಗೆ ಹಾಕುವುದು ವರ್ಷಗಳಿಂದ ಕೆಲಸಕ್ಕೆ ಬರುತ್ತಿರುವ ಒಬ್ಬರು ಅಣ್ಣ.

ಅಡಿಕೆ ತೋಟ ಅಂದರೆ ಬಯಲಲ್ಲ ನೋಡಿ. ನಾಲ್ಕು ಹೆಜ್ಜೆಗೊಂದು ಕಣಿ, ಅಲ್ಲಲ್ಲಿ ಸ್ಪ್ರಿಂಕ್ಲರ್ ಪೈಪು, ಜಾರುವ ಮುರಕಲ್ಲು. ಕಣಿ ದಾಟುವಾಗ ಎಕ್ಸಲೇಟರ್ ಬಿಟ್ಟು, ಬ್ಲೇಡು ನಿಂತದ್ದು ನೋಡಿ, ಆಮೇಲೆ ಕಾಲು ಎತ್ತಬೇಕು. ಒಂದು ದಿನ ಅಣ್ಣ ಮೆಷಿನ್ ತಂದು ಅಂಗಳದಲ್ಲಿ ಇಟ್ಟರು. "ಉಂದು ಆವಂದ್ ಮಾಷ್ಟ್ರೇ. ಕೈ ಬಿಟ್ರೂ ತಿರುಗ್ತದೆ. ನನಗೆ ಕಾಲು ಎರಡೇ ಇರುವುದು" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಇನ್ನು ಮುಟ್ಟುವುದಿಲ್ಲ ಎನ್ನುವುದು ಸ್ಪಷ್ಟ ಇತ್ತು.

ಈ ಮೆಷಿನ್ನಿನ ಒಳಗೆ ಇರುವುದು ಸೆಂಟ್ರಿಫ್ಯೂಗಲ್ ಕ್ಲಚ್. ಎರಡು ಶೂಗಳನ್ನು ಒಂದು ಸ್ಪ್ರಿಂಗ್ ಒಳಗೆ ಎಳೆದು ಹಿಡಿದಿರುತ್ತದೆ. ಇಂಜಿನ್ ವೇಗ ಹೆಚ್ಚಾದಾಗ ಶೂಗಳು ಹೊರಗೆ ಸಿಡಿದು ಡ್ರಮ್ಮನ್ನು ಕಚ್ಚುತ್ತವೆ, ಆಗ ಬ್ಲೇಡು ತಿರುಗುತ್ತದೆ. ಸಾಮಾನ್ಯವಾಗಿ ಐಡಲ್ ಅಂದರೆ ನಿಮಿಷಕ್ಕೆ 2800ರಿಂದ 3000 ಸುತ್ತು. ಕ್ಲಚ್ ಹಿಡಿಯುವುದು 4000ದ ಆಸುಪಾಸಿನಲ್ಲಿ. ಈ ಎರಡರ ನಡುವಿನ ಅಂತರವೇ ಅಣ್ಣನ ಕಾಲಿಗೆ ಇರುವ ರಕ್ಷಣೆ. ಐಡಲ್ ಮೇಲೆ ಮೇಲೆ ಹೋದ ಹಾಗೆ ಆ ಅಂತರ ಸಪೂರ ಆಗುತ್ತದೆ.

ಪೇಟೆಯ ಒಂದು ರಿಪೇರಿ ಅಂಗಡಿಗೆ ಮೂರು ಸಲ ಕೊಂಡುಹೋದೆ. ಮೂರು ಸಲವೂ ಒಂದೇ ಚಿಕಿತ್ಸೆ: ಸ್ಕ್ರೂಡ್ರೈವರ್ ತೆಗೆದು ಐಡಲ್ ಸ್ಕ್ರೂ ಸ್ವಲ್ಪ ಹಿಂದೆ ತಿರುಗಿಸುವುದು. ಅಂಗಡಿ ಎದುರು ಮೆಷಿನ್ ಬಹಳ ಮರ್ಯಾದೆಯಲ್ಲಿ ಇರುತ್ತಿತ್ತು. ಮನೆಗೆ ತಂದು ಚಾಲು ಮಾಡಿದರೆ ತಣ್ಣಗಿರುವಾಗ ಪುಸ್ಸಂತ ಆಫ್. ಹೇಗೋ ಓಡಿ ಒಂದು ಕಾಲು ಗಂಟೆ ಆಗಿ ಬಿಸಿಯಾದರೆ ಮತ್ತೆ ಕಿರ್ರೋ ಅಂತ ಕೂಗು, ಬ್ಲೇಡು ತಿರುಗು. ಕೊನೆಗೆ "ಹಳತಾಯ್ತು ಸಾರ್, ಹೊಸತು ತೆಗೊಳ್ಳಿ" ಎಂದರು. ಇದಕ್ಕಿಂತ ಸುಲಭದ ರಿಪೇರಿ ಯಾವುದೂ ಇಲ್ಲ :)

ಆಗ ನೆಂಟರೊಬ್ಬರು ಪಾಣೆಮಂಗಳೂರು ಹತ್ತಿರದ ಒಬ್ಬರು ಕಾಕನ ವಿಷಯ ಹೇಳಿದರು. ಮಂಗಳೂರಿನ ದಕ್ಕೆಯಲ್ಲಿ ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡಿಕೊಂಡಿದ್ದವರು. ವಯಸ್ಸಾದ ಮೇಲೆ ಮನೆಯಲ್ಲೇ ಕೂತು ಸ್ಪ್ರೇಯರ್, ಗರಗಸ, ಹುಲ್ಲಿನ ಮೆಷಿನ್ ನೋಡುತ್ತಾರಂತೆ. ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಿ.ಸಿ.ರೋಡಿಗೆ ಇಳಿದೆ.

ಕಾಕ ಸ್ಕ್ರೂಡ್ರೈವರ್ ತೆಗೆಯಲೇ ಇಲ್ಲ. ಮೊದಲು ಕೇಳಿದ್ದು "ತಣ್ಣಗಿರುವಾಗ ಹೇಗೆ? ಬಿಸಿ ಆದ ಮೇಲೆ ಹೇಗೆ?" ಮೂರು ಸಲ ಅಂಗಡಿಗೆ ಹೋದಾಗಲೂ ಯಾರೂ ಕೇಳದ ಪ್ರಶ್ನೆ ಇದು! ನಾನು ಹೇಳಿದ್ದು ಕೇಳಿ "ಹ್ಞಾ, ದೋಣಿಯ ಕಾಯಿಲೆಯೇ" ಅಂದರು.

ದೋಣಿಯಲ್ಲಿ ಐಡಲ್ ಜಾಸ್ತಿಯಾದರೆ ಗೇರ್ ಹಾಕುವಾಗ ಠಕ್ ಅಂತ ಹೊಡೆಯುತ್ತದಂತೆ. ಗೇರಿನ ಡಾಗ್ ಕ್ಲಚ್‌ನ ಹಲ್ಲು ಸವೆಯುತ್ತದೆ. ಅದು ಬಿಡಿ, ದೋಣಿ ಒಮ್ಮೆಲೇ ಮುಂದೆ ಜಿಗಿದು, ನಿಂತುಕೊಂಡು ಬಲೆ ಎತ್ತುವವನು ನೀರಿಗೆ ಬೀಳುತ್ತಾನೆ. "ಅಲ್ಲಿ ನೀರು, ಇಲ್ಲಿ ಬ್ಲೇಡು. ಕಾರ್ಬುರೇಟರ್ ಕೆಲಸ ಎರಡಕ್ಕೂ ಒಂದೇ ಮಾಷ್ಟ್ರೇ."

ಆಮೇಲೆ ಅವರು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಬ್ಲೇಡು ಬಿಚ್ಚಿ ಬದಿಗಿಟ್ಟರು. ಪರೀಕ್ಷೆ ಎಲ್ಲ ಆಮೇಲೆ.

ಎರಡನೆಯದು ಎಕ್ಸಲೇಟರ್ ಕೇಬಲ್. ಕೈ ಬಿಟ್ಟಾಗ ಕಾರ್ಬುರೇಟರಿನ ಲಿವರ್ ಪೂರ್ತಿ ಹಿಂದೆ ಬಂದು ಐಡಲ್ ಸ್ಕ್ರೂಗೆ ತಾಗುತ್ತದಾ ನೋಡಿದರು. ಕೇಬಲ್ಲಿಗೆ ಒಂದೆರಡು ಮಿಲಿಮೀಟರ್ ಸಡಿಲು ಇರಲೇಬೇಕು. ಬಿಗಿ ಇದ್ದರೆ ಅಥವಾ ಒಳಗೆ ತುಕ್ಕು ಹಿಡಿದಿದ್ದರೆ ನೀವು ಬಿಟ್ಟರೂ ಅದು ಬಿಡುವುದಿಲ್ಲ. ಎಷ್ಟೋ ಮೆಷಿನ್‌ಗಳ ರೋಗ ಇಲ್ಲಿಗೇ ಮುಗಿಯುತ್ತದಂತೆ. ನಮ್ಮದು ಸರಿ ಇತ್ತು.

ಮೂರನೆಯದು, ಇಂಜಿನ್ ಬಿಸಿಯಾಗುವವರೆಗೆ ಓಡಿಸಿ ಐಡಲ್ ಸ್ಕ್ರೂವನ್ನು ಲಿವರ್ ಮುಟ್ಟದ ಹಾಗೆ ಪೂರ್ತಿ ಹಿಂದೆ ತೆಗೆದರು. ಈಗ ಇಂಜಿನ್ ನಿಂತುಹೋಗಬೇಕಿತ್ತು. ನಿಲ್ಲಲಿಲ್ಲ. "ಬಾಗಿಲು ಹಾಕಿ ಆಯ್ತು. ಆದರೂ ಮನೆಯೊಳಗೆ ಗಾಳಿ ಬರ್ತಾ ಉಂಟು. ಹಾಗಾದ್ರೆ ಎಲ್ಲಿಯೋ ಕಿಟಿಕಿ ತೆರೆದುಂಟು" ಅಂದರು. ಇಷ್ಟು ಚೆಂದದ ವಿವರಣೆಯನ್ನು ನಾನು ಕ್ಲಾಸಿನಲ್ಲೂ ಕೊಟ್ಟಿಲ್ಲ.

ನಾಲ್ಕನೆಯದು, ಚೋಕನ್ನು ಅರ್ಧ ಎಳೆದರು. ಕಿರುಚುತ್ತಿದ್ದ ಇಂಜಿನ್ ಇಳಿದು ಹದಕ್ಕೆ ಬಂತು. ಅಂದರೆ ಒಳಗೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಚೋಕ್ ಎಳೆದಾಗ ಹೆಚ್ಚು ಪೆಟ್ರೋಲ್ ಹೋಗಿ ಸರಿಹೊಂದಿತು.

ಇನ್ನು ಕಿಟಿಕಿ ಹುಡುಕಬೇಕಲ್ಲ. ಕೆಲವರು ಸ್ಪ್ರೇ ಹೊಡೆದು ನೋಡುತ್ತಾರೆ, ಆದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಯ ಜೊತೆ ಆಟ. ಕಾಕ ಬೆರಳ ತುದಿಯಲ್ಲಿ ದಪ್ಪ ಗ್ರೀಸ್ ತೆಗೆದು, ಕಾರ್ಬುರೇಟರ್ ಇಂಜಿನ್ನಿಗೆ ಕೂರುವ ಸಂದಿಗೆ ಸುತ್ತಲೂ ನಿಧಾನ ಮೆತ್ತುತ್ತಾ ಹೋದರು. ಕೆಳಗಿನ ಮೂಲೆಗೆ ಬಂದಾಗ ಇಂಜಿನ್ ಒಮ್ಮೆಲೇ ತಗ್ಗಿತು. "ಇಲ್ಲುಂಟು ಕಳ್ಳ!"

ಬಿಚ್ಚಿ ನೋಡಿದರೆ ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವೆ ಶಾಖ ತಡೆಯಲು ಇರುವ ಕಪ್ಪು ತುಂಡಿನಲ್ಲಿ ಕೂದಲೆಳೆಯ ಬಿರುಕು, ಅದರ ಗ್ಯಾಸ್ಕೆಟ್ಟಿನ ಮೂಲೆಯೂ ಹರಿದಿತ್ತು. ತಣ್ಣಗಿರುವಾಗ ಬಿರುಕು ಮುಚ್ಚಿರುತ್ತದೆ, ಬಿಸಿಯಾದರೆ ಬಾಯಿ ಬಿಡುತ್ತದೆ. ಸ್ಕ್ರೂ ತಿರುಗಿಸುವ ಚಿಕಿತ್ಸೆ ಯಾಕೆ ನಿಲ್ಲುತ್ತಿರಲಿಲ್ಲ ಎಂದು ಈಗ ತಿಳಿಯಿತಲ್ಲ?

ಇದರಲ್ಲಿ ಇನ್ನೊಂದು ಅಪಾಯ ಇದೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲಿನಲ್ಲಿ ಬೆರೆಸಿದ್ದೇ ಆಯಿಲ್. 1:50 ಅಂದರೆ ಲೀಟರಿಗೆ 20 ಮಿಲಿ, 1:25 ಅಂದರೆ 40 ಮಿಲಿ, ಯಾವುದು ಬೇಕು ಅಂತ ಮೆಷಿನ್ನಿನ ಪುಸ್ತಕದಲ್ಲಿ ಇರುತ್ತದೆ. ಪೆಟ್ರೋಲ್ ಕಮ್ಮಿ ಹೋದರೆ ಆಯಿಲೂ ಕಮ್ಮಿ. ಮೇಲಿಂದ ಬಿಸಿಯೂ ಜಾಸ್ತಿ. ಹೀಗೇ ಓಡಿಸಿದರೆ ಒಂದು ದಿನ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಈಗಿನ ಪೆಟ್ರೋಲಿನ ವಿಷಯವೂ ಬಂತು. 2023ರಿಂದ ಬಂಕುಗಳಿಗೆ ಬರತೊಡಗಿದ, ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲ ಕಡೆ ಇದೆ. ಒಂದು ಭಾಗ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲಿಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಹಳೆಯ ಅಳತೆಯ ಕಾರ್ಬುರೇಟರಿನಲ್ಲಿ ಈ ಮಿಶ್ರಣಕ್ಕೆ ಗಾಳಿ ಮೊದಲೇ ತುಸು ಜಾಸ್ತಿ. ಈಗಿನ ಬೈಕುಗಳಲ್ಲಿ ಸೆನ್ಸರ್ ನೋಡಿಕೊಂಡು ಸರಿಮಾಡುತ್ತದೆ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಕಾಣಸಿಗುವುದೇ ಅಪರೂಪ. ಪಾಪ, ಹುಲ್ಲಿನ ಮೆಷಿನ್ನಿಗೆ ಸೆನ್ಸರ್ ಎಲ್ಲಿಂದ? ಎಥನಾಲ್ ನೀರನ್ನೂ ಹೀರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ನೀರಿಗೆ ಬರವೇ? ಬೆರೆಸಿಟ್ಟ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬೇಡಿ. ಕೆಲಸದ ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಿ.

ಆ ಕಪ್ಪು ತುಂಡು ಬಿ.ಸಿ.ರೋಡಿನಲ್ಲಿ ಸಿಗಲಿಲ್ಲ. ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋದಾಗ ಒಂದು ಅಂಗಡಿಯಲ್ಲಿ ಸಿಕ್ಕಿತು. ಗ್ಯಾಸ್ಕೆಟ್ ಸೇರಿ 180 ರೂಪಾಯಿ. ಹೊಸ ಮೆಷಿನ್ನಿನ ಬೆಲೆ ಲೆಕ್ಕ ಹಾಕಿಟ್ಟಿದ್ದ ನನಗೆ ನಗು ಬಂತು. ಕಾಕ ಎರಡೂ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿ ಮಾಡಿದರು. ಒಂದನ್ನೇ ಪೂರ್ತಿ ಬಿಗಿದರೆ ತುಂಡು ಮತ್ತೆ ಸೀಳುತ್ತದೆ. ಐಡಲ್ ಸ್ಕ್ರೂ ತಿರುಗಿಸಿದ್ದು ಎಲ್ಲಕ್ಕಿಂತ ಕೊನೆಗೆ, ಇಂಜಿನ್ ಬಿಸಿಯಾದ ಮೇಲೆ. ಐಡಲ್ ಸರಿ ಇದ್ದೂ ಬ್ಲೇಡು ತಿರುಗುತ್ತಿದ್ದರೆ ಆಗ ಕ್ಲಚ್ ಸ್ಪ್ರಿಂಗ್ ಸೋತಿದೆ ಎಂದು ತಿಳಿಯಬೇಕು, ಅದು ಬೇರೆಯೇ ಕತೆ.

ಮೆಷಿನ್ ತೆಗೆದುಕೊಂಡು ಹೊರಡುವಾಗ ಕಾಕ ಕೇಳಿದರು, "ಇದನ್ನು ಹೊರುವುದು ನೀವಾ?" ಅಲ್ಲ, ಕೆಲಸದ ಅಣ್ಣ ಅಂದೆ. "ಹಾಗಾದ್ರೆ ಸರಿಯಾಯ್ತಾ ಇಲ್ವಾ ಅಂತ ಅವನ ಹತ್ರ ಕೇಳಿ. ನಾನು ಹೇಳಿದ್ದಲ್ಲ ಲೆಕ್ಕ."

ನಿಮ್ಮ ತೋಟದಲ್ಲೂ ಮೆಷಿನ್ ಇದ್ದರೆ ನಾಳೆ ಒಂದು ಕೆಲಸ ಮಾಡಿ. ಕಾಲು ಗಂಟೆ ಓಡಿದ ಮೇಲೆ ಹೊರುವವರ ಹತ್ತಿರ ಕೈ ಬಿಡಲು ಹೇಳಿ, ದೂರದಲ್ಲಿ ನಿಂತು ಬ್ಲೇಡನ್ನು ನೋಡಿ. ನಿಧಾನವಾಗಿಯಾದರೂ ತಿರುಗುತ್ತಲೇ ಇದ್ದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ. ಹುಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ.